ಜಾಗೃತ ಜ್ವಾಲಾಮುಖಿಗೆ ಒಬ್ಬಳೇ

ನಾನು ಸುಳ್ಳು ಹೇಳುವವಳಲ್ಲ. ನಿಜವನ್ನೇ ಹೇಳುತ್ತೇನೆ, ಕೇಳಿದವರು ಅದನ್ನು ತಪ್ಪಾಗಿ ತಿಳಿದು ಸಮಾಧಾನ ಪಟ್ಟುಕೊಂಡರೆ ತಿದ್ದಲು ಹೋಗುವುದಿಲ್ಲ, ಅಷ್ಟೇ. ಇದೊಂದು ದುರ್ಗುಣ ಎಂದು ಮೊನ್ನೆಮೊನ್ನೆಯವರೆಗೂ ನನಗೆ ಅನ್ನಿಸಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರ, ಹದಿನೆಂಟು ವರ್ಷದ ನೌಕರಿ ಎರಡೂ ಈ ಗುಣದ ಮೇಲೆಯೇ ನಿಂತಿವೆ. ನಾದಿನಿ ಮಾಡಿದ ಪಲ್ಯ ಹೇಗಾಗಿದೆ ಎಂದು ಆಕೆ ಕೇಳಿದರೆ "ಬಿಸಿ ಐತಿ ನೋಡು" ಅನ್ನುತ್ತೇನೆ. ವರದಿ ಎಲ್ಲಿಗೆ ಬಂತು ಎಂದು ನಮ್ಮ ಸಾಹೇಬರು ಕೇಳಿದರೆ "ಟೇಬಲ್ ಮ್ಯಾಲೇ ಐತ್ರಿ ಸರ್" ಅನ್ನುತ್ತೇನೆ. ಬರೆಯದ ವರದಿಯ ಖಾಲಿ ಹಾಳೆಯೂ ಟೇಬಲ್ ಮೇಲೆಯೇ ಇರುತ್ತದಲ್ಲ. ಇಷ್ಟು ವರ್ಷ ಯಾರಿಗೂ ತೊಂದರೆಯಾಗದಂತೆ ನಡೆದುಕೊಂಡು ಬಂದಿದ್ದ ಈ ಪದ್ಧತಿ, ನಾನು ಒಂದು ಜ್ವಾಲಾಮುಖಿ ನೋಡಬೇಕೆಂದು ಹೊರಟ ಕೂಡಲೇ ಕೈಕೊಟ್ಟಿತು.

ಜ್ವಾಲಾಮುಖಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳುವುದು ಸಹಜ. ಸಿಂದಗಿಯಲ್ಲಿ ಮಣ್ಣು ಪರೀಕ್ಷೆ ಮಾಡುವ ಸಣ್ಣದೊಂದು ಲ್ಯಾಬಿನಲ್ಲಿ ನನ್ನ ಕೆಲಸ. ರೈತರು ಹೊಲದ ಮಣ್ಣನ್ನು ಕ್ಯಾರಿಬ್ಯಾಗಿನಲ್ಲಿ ಗಂಟು ಹಾಕಿಕೊಂಡು ತರುತ್ತಾರೆ. ನಾನು ಅದನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಸೋಸಿ, ಸಾರಜನಕ ಎಷ್ಟು ರಂಜಕ ಎಷ್ಟು ಎಂದು ನೋಡಿ ಚೀಟಿ ಬರೆದುಕೊಡುತ್ತೇನೆ. ಇಂಡಿಯಿಂದ ಬರಲಿ, ಮುದ್ದೇಬಿಹಾಳದಿಂದ ಬರಲಿ, ಬಹುಪಾಲು ಅದೇ ಕರಿ ಮಣ್ಣು. ನಾವು ಎರಿ ಅನ್ನುತ್ತೇವೆ. ಮಳೆಯಾದರೆ ಹಿಡಿದ ಚಪ್ಪಲಿ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಏನಾದರೂ ಬಿದ್ದರೆ ವಾಪಸ್ ಕೊಡುವುದಿಲ್ಲ. ನಾನು ಹುಟ್ಟಿದ್ದು ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರದಲ್ಲಿ. ಸಣ್ಣಂದಿನಲ್ಲಿ ಕಾಲಿಗೆ ಹತ್ತಿದ ಎರಿಯನ್ನು ತೊಳೆಯುವುದರಲ್ಲಿ ಅರ್ಧ ಆಯುಷ್ಯ ಹೋಯಿತು, ದೊಡ್ಡವಳಾದ ಮೇಲೆ ಅದನ್ನೇ ತೂಕ ಮಾಡುವುದರಲ್ಲಿ ಉಳಿದರ್ಧ ಹೋಗುತ್ತಿದೆ. ಹೀಗಿರುವಾಗ ಒಂದು ತರಬೇತಿಯಲ್ಲಿ, ಊಟಕ್ಕೆ ಮುಂಚಿನ ಯಾರೂ ಕೇಳಿಸಿಕೊಳ್ಳದ ತಾಸಿನಲ್ಲಿ, ವಿಜ್ಞಾನಿಯೊಬ್ಬರು ಹೇಳಿದರು: ನಮ್ಮ ಕಡೆಯ ಈ ಕರಿ ಮಣ್ಣೆಲ್ಲ ಯಾವುದೋ ಕಾಲದಲ್ಲಿ ನೆಲ ಸೀಳಿ ಹರಿದ ಬೆಂಕಿಯ ರಸವಂತೆ; ಅದು ಆರಿ ಕಲ್ಲಾಗಿ, ಕಲ್ಲು ಸವೆದು ಮಣ್ಣಾಗಿದೆಯಂತೆ. ಎಲ್ಲರೂ ಊಟದ ವಾಸನೆ ಬರುತ್ತಿದ್ದ ಕಡೆ ನೋಡುತ್ತಿದ್ದರು. ನಾನು ನನ್ನ ಹಿಮ್ಮಡಿ ನೋಡಿಕೊಂಡೆ. ಎಷ್ಟು ತಿಕ್ಕಿದರೂ ಹೋಗದೆ ಬಿರುಕಿನಲ್ಲಿ ಕೂತಿದ್ದ ಆ ಕಪ್ಪು, ಒಂದು ಕಾಲದಲ್ಲಿ ಬೆಂಕಿಯಾಗಿತ್ತು. ಅದು ಬೆಂಕಿಯಾಗಿದ್ದಾಗ ಹೇಗಿರುತ್ತದೆ ಎಂದು ಸಾಯುವುದರೊಳಗೆ ಒಮ್ಮೆ ನೋಡಬೇಕು ಅನ್ನಿಸಿತು. ಇಷ್ಟು ದೊಡ್ಡ ಆಸೆ ನನಗೆ ಅದುವರೆಗೆ ಯಾವುದಕ್ಕೂ ಹುಟ್ಟಿರಲಿಲ್ಲ.

ಆಸೆ ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಒಬ್ಬಳೇ ಹೋಗಬೇಕು ಎಂಬುದು ಅದರ ಬೆನ್ನಿಗೇ ಬಂತು. ನಮ್ಮ ಕಡೆ ಹೆಂಗಸೊಬ್ಬಳು ಒಬ್ಬಳೇ ದೂರ ಹೊರಟಳೆಂದರೆ ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೇ ಕೋರ್ಟಿನಲ್ಲಿ ತಾರೀಖಿರಬೇಕು, ಎರಡೂ ಅಲ್ಲದಿದ್ದರೆ ತಲೆ ನೆಟ್ಟಗಿಲ್ಲ. ನನಗೆ ನಲವತ್ತೇಳು ವರ್ಷ. ಈ ನಲವತ್ತೇಳು ವರ್ಷದಲ್ಲಿ ನಾನು ಒಬ್ಬಳೇ ಒಂದು ಖಾನಾವಳಿಯಲ್ಲಿ ಊಟ ಮಾಡಿಲ್ಲ. ಬಚ್ಚಲಿಗೆ ಹೋದರೂ ಹೊರಗಿನಿಂದ "ಆತೇನು?" ಎಂದು ಯಾರಾದರೂ ಕೇಳುತ್ತಾರೆ. ಪ್ರವಾಸ ಮಾಡಿಲ್ಲವೆಂದಲ್ಲ. ಗೋಳಗುಮ್ಮಟಕ್ಕೆ ಆರು ಸಲ ಹೋಗಿದ್ದೇನೆ. ಆರೂ ಸಲ ಕೆಳಗೆ ಬ್ಯಾಗು ಚಪ್ಪಲಿ ನೋಡಿಕೊಳ್ಳುತ್ತ ಕೂತಿದ್ದೆ. ಮೇಲೆ ಪಿಸುಗುಟ್ಟಿದರೆ ಏಳು ಸಲ ಕೇಳುತ್ತದೆಂದು ಇಳಿದು ಬಂದವರೆಲ್ಲ ಹೇಳುತ್ತಾರೆ, ನಾನು ನಂಬುತ್ತೇನೆ. ಹಂಪಿಯಲ್ಲಿ ಒಂದು ಕಲ್ಲಿನ ಮೇಲೆ ನಾಲ್ಕು ತಾಸು ಕೂತಿದ್ದೆ, ಆ ಕಲ್ಲು ಚೆನ್ನಾಗಿತ್ತು. "ಕಸ್ತೂರಿ, ನೀ ಇಲ್ಲೇ ಕೂಡು, ಈಗ ಬಂದ್ವಿ" ಎಂದು ಹೋದವರು ನೋಡಿ ಬಂದ ಊರುಗಳನ್ನೆಲ್ಲ ನಾನು ಅವರ ಬ್ಯಾಗಿನ ಪಕ್ಕದಿಂದ ನೋಡಿದ್ದೇನೆ. ಇದಕ್ಕೆ ಯಾರನ್ನೂ ದೂರುವುದಿಲ್ಲ, ಯಾರಾದರೂ ಕೂರಲೇಬೇಕಲ್ಲ. ಆದರೆ ಬೆಂಕಿಯ ಗುಡ್ಡದ ಬುಡದಲ್ಲಿಯೂ ಬ್ಯಾಗು ಕಾಯುತ್ತ ಕೂರುವ ಪ್ರಸಂಗ ಬಂದರೆ ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ರಜಿಯಾ ನನಗಿಂತ ಆರು ವರ್ಷ ಚಿಕ್ಕವಳು, ಫೋನಿನಲ್ಲಿ ನನಗಿಂತ ಅರವತ್ತು ವರ್ಷ ಮುಂದಿದ್ದಾಳೆ. ಅವಳೇ ಹುಡುಕಿ ಬಾಲಿ ಎಂಬ ನಡುಗಡ್ಡೆಯನ್ನು ಗೊತ್ತುಮಾಡಿದಳು. ಅಲ್ಲಿ ಹೊಗೆಯಾಡುವ ಗುಡ್ಡವಿದೆ, ಸೂರ್ಯ ಮೂಡುವ ಮೊದಲೇ ಹತ್ತಲು ಶುರು ಮಾಡಿದರೆ ನೆತ್ತಿಯ ಮೇಲೆ ಬೆಳಗಾಗುತ್ತದೆ, ಇಳಿದು ಬಂದು ಗದ್ದೆಗಳ ನಡುವೆ ಸೈಕಲ್ ಹೊಡೆಯಬಹುದು, ಅದೂ ಸಾಲದಿದ್ದರೆ ಸಮುದ್ರದಲ್ಲಿ ತಲೆ ಮುಳುಗಿಸಿ ಮೀನು ನೋಡಬಹುದು. ಇಷ್ಟನ್ನೂ ನಾವಿಬ್ಬರೂ ಲ್ಯಾಬಿನ ಹಳೆಯ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ವಿವರ, ಷರಾ ಎಂದು ಗೆರೆ ಎಳೆದು ಬರೆದೆವು. ನಮಗೆ ಬೇರೆ ರೀತಿ ಯೋಚನೆ ಮಾಡಲು ಬರುವುದಿಲ್ಲ. "ಗುಡ್ಡ ಹತ್ತುವುದು" ಎಂಬುದರ ಮುಂದೆ ಷರಾದಲ್ಲಿ ರಜಿಯಾ "ಮೊಣಕಾಲು?" ಎಂದು ಬರೆದಳು. "ಸಮುದ್ರ" ಎಂಬುದರ ಮುಂದೆ "ಈಜು ಬರುವುದಿಲ್ಲ, ದಂಡೆಯಿಂದ ವೀಕ್ಷಣೆ" ಎಂದು ಬರೆದಳು. ಕೊನೆಯ ಸಾಲಿನಲ್ಲಿ "ಮನೆಯವರಿಗೆ ತಿಳಿಸುವುದು" ಎಂದಿತ್ತು. ಅದರ ಷರಾ ಖಾಲಿ ಬಿಟ್ಟಳು.

ಒಂದು ಭಾನುವಾರ ಮಧ್ಯಾಹ್ನ ಆ ಸಾಲನ್ನು ಮುಗಿಸಿಬಿಡಬೇಕೆಂದು ನಿರ್ಧಾರ ಮಾಡಿದೆ. ಅತ್ತೆಯವರು ಪಡಸಾಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದರು. ಅವರಿಗೆ ಎಪ್ಪತ್ತರ ಮೇಲಾಗಿದೆ, ಓದು ಬರಹ ಇಲ್ಲ, ಮನೆಯಲ್ಲಿ ಅವರ ಮಾತಿನ ಮೇಲೆ ಅಪೀಲೂ ಇಲ್ಲ. ಅಲ್ಲೇ ಕುರ್ಚಿಯಲ್ಲಿ ನಮ್ಮ ಯಜಮಾನರು ಪೇಪರಿನ ಹಿಂದೆ ಇದ್ದರು. ನಾನು ಅತ್ತೆಯವರ ಪಕ್ಕ ಕೂತು ಎರಡು ಹಿಡಿ ಶೇಂಗಾ ಒಡೆದೆ. ಆಮೇಲೆ ಬಾಯಿ ಬಿಟ್ಟೆ.

"ಅತ್ತಿ, ಒಂದ್ ಎಂಟ್ ದಿನ ಹೋಗಿ ಬರಬೇಕಂತ ಮಾಡೇನ್ರಿ."

"ಇಂಗಳೇಶ್ವರಕ್ಕೇನು?"

"ಅಲ್ರಿ. ಜ್ವಾಲಾಮುಖಿ ನೋಡಾಕ."

ಅವರ ಕೈ ನಿಂತಿತು. "ಜ್ವಾಲಾಮುಖಿ," ಎಂದು ಒಮ್ಮೆ ಬಾಯಲ್ಲಿ ಹೊರಳಿಸಿ ನೋಡಿದರು. "ಯಾವ ಸೀಮ್ಯಾಗ ಬರ್ತಾಳ ಆಕಿ?"

ಬರ್ತಾಳ. ಆಕಿ. ತಿದ್ದುವುದಿದ್ದರೆ ಅಲ್ಲೇ ತಿದ್ದಬೇಕಾಗಿತ್ತು. ಬರೀ ಲಿಂಗದ ತಪ್ಪು, ಸಾಲಿಯಲ್ಲಾಗಿದ್ದರೆ ಅರ್ಧ ಮಾರ್ಕಿನ ಪ್ರಶ್ನೆ. ನಾನು ಆ ಅರ್ಧ ಮಾರ್ಕು ಬಿಟ್ಟುಕೊಟ್ಟೆ. "ಸಮುದ್ರದ ಆಚಿ ಕಡೆ ಬರ್ತದ್ರಿ, ಅಲ್ಲೊಂದು ನಡುಗಡ್ಡಿ ಐತಿ" ಎಂದೆ.

"ಜಾಗೃತ ಇದ್ದಾಳೇನು?"

ನಮ್ಮ ಭೂಗೋಳದ ಪಠ್ಯಪುಸ್ತಕ ಬರೆದವರು ಯಾರೋ ಏನೋ, ಬೆಂಕಿ ಉಗುಳುವ ಗುಡ್ಡಕ್ಕೆ ಜಾಗೃತ ಜ್ವಾಲಾಮುಖಿ ಎಂದು ಹೆಸರಿಟ್ಟು ನನ್ನನ್ನು ಈ ಸಂಕಟಕ್ಕೆ ತಳ್ಳಿದರು. ನಮ್ಮ ಓಣಿಯಲ್ಲಿ ಜಾಗೃತ ಎಂಬ ಮಾತನ್ನು ದೇವರಿಗಲ್ಲದೆ ಬೇರೆ ಯಾರಿಗೂ ಬಳಸುವುದಿಲ್ಲ. ಬೇಡಿದ್ದನ್ನು ಕೊಡುವ, ತಪ್ಪಿದರೆ ಕಾಡುವ ದೇವರಿಗೆ ಮಾತ್ರ. ಆದರೆ ನಾನು ಓದಿದವಳು, ಪುಸ್ತಕದಲ್ಲಿದ್ದದ್ದನ್ನೇ ಹೇಳಬೇಕಲ್ಲ. "ಭಾಳ ಜಾಗೃತ ಐತ್ರಿ. ಇನ್ನೂ ಹೊಗಿ ಬರ್ತದಂತ."

"ಸಿಟ್ಟಿಗೆ ಬಂದ್ರ?"

"ಊರಿಗೆ ಊರೇ ಸುಡ್ತದಂತ್ರಿ."

ಅತ್ತೆಯವರು ಶೇಂಗಾದ ಮೊರ ಬದಿಗಿಟ್ಟು ಎರಡೂ ಕೈ ಜೋಡಿಸಿದರು. "ಹಂಗಾದ್ರ ತಪ್ಪಿಸಬ್ಯಾಡ. ಹೋಗಿ ಬಾ."

ಪೇಪರು ನಿಧಾನವಾಗಿ ಕೆಳಗಿಳಿಯಿತು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರು. ಇಡೀ ಸಾಲಿಯ ಮಕ್ಕಳನ್ನು ಮೈದಾನದ ಸುತ್ತ ಓಡಿಸಿ ಬಂದು, ಓಣಿಯ ತುದಿಯ ಅಂಗಡಿಯಿಂದ ಹಾಲು ತರಲು ಬೈಕ್ ತೆಗೆಯುತ್ತಾರೆ. "ಒಬ್ಬಾಕಿನೇ?" ಎಂದು ಕೇಳಿದರು. ನನ್ನನ್ನಲ್ಲ, ತಾಯಿಯನ್ನು. ಅತ್ತೆಯವರು ಮತ್ತೆ ಶೇಂಗಾ ಎತ್ತಿಕೊಂಡು, "ದೇವಿ ಕರದಾಳ ಅಂದ ಮ್ಯಾಲ ನಡುವ ನೀ ಯಾರಪ್ಪ?" ಎಂದರು. ಪೇಪರು ಮತ್ತೆ ಮೇಲಕ್ಕೆ ಹೋಯಿತು. ಅವರಿಗೆ ಜ್ವಾಲಾಮುಖಿ ಎಂದರೆ ಏನೆಂದು ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲ. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂರುವವರು ಭೂಗೋಳದ ಮಾಸ್ತರರು. ಆದರೆ ತಾಯಿ ಕೈಮುಗಿದ ದೇವಿಯನ್ನು ಗುಡ್ಡ ಎಂದು ಹೇಳುವ ಧೈರ್ಯ ಅವರಿಗೆ ಹುಟ್ಟಿನಿಂದಲೇ ಇಲ್ಲ. ಆ ದಿನ ನಾನು ಅದನ್ನು ನನ್ನ ಅದೃಷ್ಟ ಎಂದುಕೊಂಡೆ.

ಅಪ್ಪಣೆ ಸಿಕ್ಕ ಮೇಲೆ ತಯಾರಿ. ಗುಡ್ಡ ಹತ್ತುವವರು ಎರಡು ತಿಂಗಳು ಮೊದಲಿನಿಂದ ದಿನಾ ನಡೆಯಬೇಕೆಂದು ರಜಿಯಾಳ ಫೋನು ಹೇಳಿತು. ಬೂಟು ತಂದೆ. ಸೀರೆಯ ಕೆಳಗೆ ಬೂಟು ಹಾಕಿಕೊಂಡು ಮುಂಜಾನೆ ಊರ ಹೊರಗಿನ ರಸ್ತೆಗೆ ನಡೆಯಲು ಹೊರಟೆ. ನಿಮಗೆ ನಮ್ಮ ಊರಿನ ಮಂದಿಯ ಬಗ್ಗೆ ಗೊತ್ತಿಲ್ಲ ಎಂದು ಕಾಣುತ್ತದೆ, ಅದಕ್ಕೇ ಹೇಳುತ್ತೇನೆ: ಸಿಂದಗಿಯಲ್ಲಿ ಪರಿಚಯದ ಹೆಂಗಸೊಬ್ಬಳು ನಡೆದುಕೊಂಡು ಹೋಗುವುದನ್ನು ನೋಡಿಯೂ ಬೈಕ್ ನಿಲ್ಲಿಸದೆ ಹೋಗುವ ಗಂಡಸು ಇನ್ನೂ ಹುಟ್ಟಿಲ್ಲ. ನೂರು ಹೆಜ್ಜೆ ಹಾಕುವಷ್ಟರಲ್ಲಿ ಮೊದಲನೆಯವರು ನಿಂತರು. ನಮ್ಮ ಲ್ಯಾಬಿಗೆ ಮಣ್ಣು ತಂದಿದ್ದ ರೈತರು. "ಹತ್ರಿ ಮೇಡಂ, ಎಲ್ಲಿ ತನಕ?" ಎಲ್ಲಿ ತನಕವೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಅವರು ನನ್ನ ಮುಖ ನೋಡಿ, ಬೂಟು ನೋಡಿ, "ಬಸ್ ಮಿಸ್ ಆತೇನ್ರಿ?" ಎಂದರು. ಅವರನ್ನು ಸಾಗಹಾಕಿ ಮತ್ತೆ ನೂರು ಹೆಜ್ಜೆ ಹಾಕಿದರೆ ಹಾಲಿನವರು. "ಅಕ್ಕಾರ, ಕ್ಯಾನ್ ನಡುವ ಜಾಗ ಐತಿ, ಕುಂದರ್ರಿ." ಅವರ ಹಿಂದೆಯೇ ಯಜಮಾನರ ಸಾಲಿಯ ಜವಾನರು. ಒಂದು ಮೈಲು ನಡೆಯುವಷ್ಟರಲ್ಲಿ ಒಂಬತ್ತು ಜನರಿಗೆ ಬೇಡ ಎಂದು ಹೇಳಿ ಕಾಲಿಗಿಂತ ಬಾಯಿಗೇ ಹೆಚ್ಚು ದಣಿವಾಯಿತು.

ನಾಲ್ಕನೆಯ ದಿನಕ್ಕೆ ನಾನು ಗಂಡನ ಮನೆ ಬಿಟ್ಟು ತವರಿಗೆ ಹೋಗುತ್ತಿದ್ದೇನೆಂದೂ, ದಿನಾ ಅರ್ಧ ದಾರಿಗೆ ಮನಸ್ಸು ಬದಲಾಗಿ ವಾಪಸ್ ಬರುತ್ತಿದ್ದೇನೆಂದೂ ಊರಲ್ಲಿ ಸುದ್ದಿಯಾಯಿತು. ಯಜಮಾನರಿಗೆ ಸ್ಟಾಫ್ ರೂಮಿನಲ್ಲಿ ಯಾರೋ ಸಮಾಧಾನ ಹೇಳಿದರಂತೆ. ಮರುದಿನದಿಂದ ಅವರು ಬೈಕ್ ತೆಗೆದುಕೊಂಡು ನನ್ನ ಹಿಂದೆ ಮೊದಲನೆ ಗೇರಿನಲ್ಲಿ ಬರತೊಡಗಿದರು. ಮುಂದೆ ನಾನು, ಹತ್ತು ಹೆಜ್ಜೆ ಹಿಂದೆ ಅವರು, ಬೈಕಿನ ಗುರುಗುರು. ಇದರಿಂದ ಸುದ್ದಿ ನಿಲ್ಲುತ್ತದೆಂದು ಅವರ ಲೆಕ್ಕ. ನಿಲ್ಲಲಿಲ್ಲ. ಪಾಪ ಮಾಸ್ತರರು ದಿನಾ ಬೆನ್ನು ಹತ್ತಿ ಹೋಗಿ ಕರೆದುಕೊಂಡು ಬರುತ್ತಾರೆ, ಎಂಥ ಒಳ್ಳೆಯ ಮನುಷ್ಯ, ಎಂದು ಅದು ಬೆಳೆಯಿತು. ಅವರಿಗೆ ಊರಲ್ಲಿ ಮರ್ಯಾದೆ ಹೆಚ್ಚಾಯಿತು. ನನ್ನ ಒಬ್ಬಂಟಿ ಪ್ರವಾಸದ ತಯಾರಿ ಹೀಗೆ ಬೆಂಗಾವಲಿನೊಂದಿಗೆ ನಡೆಯಿತು.

ಹತ್ತುವುದನ್ನು ಎಲ್ಲಿ ಕಲಿಯುವುದು ಎಂಬುದು ಬೇರೆಯೇ ಸಮಸ್ಯೆ. ನನ್ನ ಮನೆಯಿಂದ ಲ್ಯಾಬಿನವರೆಗೆ ಇರುವ ಎತ್ತರವೆಂದರೆ ಎರಡು ರೋಡ್ ಹಂಪು. ಕೊನೆಗೆ ಲ್ಯಾಬಿನ ಮಾಳಿಗೆಯ ಮೆಟ್ಟಿಲೇ ಗತಿಯಾಯಿತು. ಬೆನ್ನಿಗೆ ಭಾರ ಇರಬೇಕೆಂದು ರಜಿಯಾ ಹೇಳಿದ್ದರಿಂದ ಹೊಸ ಬ್ಯಾಗಿನಲ್ಲಿ ಮಣ್ಣಿನ ಮಾದರಿಗಳನ್ನು ತುಂಬಿಕೊಂಡು ಊಟದ ಬಿಡುವಿನಲ್ಲಿ ಹತ್ತಿ ಇಳಿಯತೊಡಗಿದೆ. ಒಂದು ದಿನ ಇಂಡಿ ಕಡೆಯ ರೈತರೊಬ್ಬರು ಕೆಳಗೆ ನಿಂತು ಮೂರು ಸರ್ತಿ ನೋಡಿದರು. ನಾಲ್ಕನೆಯದಕ್ಕೆ ತಡೆಯಲಾಗದೆ, "ಬಾಯಾರ, ಆ ನೀಲಿ ಚೀಲದಾಗಿಂದು ನಮ್ಮ ಹೊಲದ ಮಣ್ಣು ಅಲ್ಲೇನ್ರಿ? ಯಾಕ ಮ್ಯಾಲ ಒಯ್ದು ಕೆಳಗ ತರಾಕತ್ತೀರಿ?" ಎಂದು ಕೇಳಿದರು. ನಾನು ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತೆ. ರಜಿಯಾ ಕಿಟಕಿಯಿಂದ ತಲೆ ಹಾಕಿ, "ಗಾಳಿ ಆಡಬೇಕ್ರಿ ಅದಕ್ಕ" ಎಂದಳು. ಅವರು ಒಪ್ಪಿ ತಲೆಯಾಡಿಸಿದರು. ಆ ವಾರ ಇಂಡಿ ಕಡೆಯಿಂದ ಬಂದ ಇನ್ನಿಬ್ಬರು, ತಮ್ಮ ಮಣ್ಣಿಗೂ ಒಂದಿಷ್ಟು ಗಾಳಿ ಆಡಿಸಿ ಕೊಡಬೇಕೆಂದು ಕೇಳಿಕೊಂಡರು. ಕೇಳಿಕೊಂಡ ಮೇಲೆ ಇಲ್ಲ ಎನ್ನುವುದು ಹೇಗೆ, ಅದನ್ನೂ ಹೊತ್ತೆ.

ಇತ್ತ ಓಣಿಯಲ್ಲಿ ದೇವಿಯ ಸುದ್ದಿ ಹಬ್ಬಿತ್ತು. ಮೊದಲು ಬಂದವರು ಪಕ್ಕದ ಮನೆಯ ಗಂಗವ್ವ. ಜೋರು ಹೆಂಗಸು; ಯಾವ ಊರಿಗೆ ಯಾರೇ ಹೊರಟರೂ ಗುಂಪು ಕಟ್ಟಿ ಕ್ರೂಸರ್ ಗಾಡಿ ಮಾಡಿಸುವುದು ಅವರದೇ ಕೆಲಸ. "ಕಸ್ತೂರಿ, ನಾವೂ ಒಂದ್ ಹನ್ನೊಂದು ಮಂದಿ ಆಗ್ತೇವಿ. ಒಂದ್ ಕ್ರೂಸರ್ ಹೇಳಿಬಿಡೋಣು" ಎಂದರು. ನಡುವೆ ಸಮುದ್ರ ಬರುತ್ತದೆ ಎಂದೆ. "ಬರವಲ್ಲದ್ಯಾಕ. ದಂಡಿ ಮ್ಯಾಗ ಗಾಡಿ ನಿಲ್ಲಿಸಿ ದೋಣ್ಯಾಗ ಹ್ವಾದ್ರಾತು" ಎಂದರು. ಹನ್ನೊಂದು ಮಂದಿ, ಹನ್ನೊಂದು ಬ್ಯಾಗು. ನನ್ನ ಕಣ್ಣೆದುರು ಇಡೀ ಜ್ವಾಲಾಮುಖಿ ಸಣ್ಣದಾಗುತ್ತ ಹೋಯಿತು. ನಾನು ಅದರ ಬುಡದಲ್ಲಿ ಕೂತಿದ್ದೆ. ನಿಜವಾಗಿಯೂ ಅಳು ಬಂತು. ಆಗ ಒಳಗಿನಿಂದ ಅತ್ತೆಯವರು, ಹೊರಗೆ ಕೂಡ ಬರದೆ, "ಗಂಗವ್ವ, ಆಕಿ ಹರಕಿನೇ ಹಂಗೈತಿ. ಒಬ್ಬಾಕಿನೇ ಬಂದು ಮುಟ್ಟಬೇಕಂತ. ಮಂದಿ ಕಟಗೊಂಡು ಹೋದ್ರ ದೇವಿ ತಗೊಳ್ಳಾಂಗಿಲ್ಲ" ಎಂದು ಹೇಳಿದರು. ಇಂಥ ಹರಕೆಯ ಮಾತು ನಾನೆಂದೂ ಆಡಿರಲಿಲ್ಲ. ಮುದುಕಿಯ ಭಕ್ತಿ ತಾನೇ ತಾನಾಗಿ ಬೆಳೆಯುತ್ತಿದೆ ಎಂದುಕೊಂಡು ತಿದ್ದಲು ಹೋಗಲಿಲ್ಲ. ಗಂಗವ್ವ ಕೂಡಲೇ ಒಪ್ಪಿಕೊಂಡರು. ಹರಕೆಗೆ ಎದುರು ಮಾತಿಲ್ಲ.

ತಾವು ಬರಲಾಗದ ಮೇಲೆ ಉಡಿಯನ್ನಾದರೂ ಕಳಿಸಬೇಕಲ್ಲ. ಒಬ್ಬೊಬ್ಬರೇ ಬಂದರು. ಒಂದು ಖಣ, ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಹಸಿರು ಬಳೆ. ಪ್ರತಿಯೊಂದು ಗಂಟಿನ ಜೊತೆ ಒಂದು ಮಾತು: ಮಗಳಿಗೆ ಒಂದು ಒಳ್ಳೆ ಮನೆತನ ಸಿಗಲಿ, ಸೊಂಟದ ನೋವು ಇಳಿಯಲಿ, ಗಂಡ ಕುಡಿಯುವುದನ್ನು ಬಿಡಲಿ ಅಂತ ಹೇಳವ್ವ. ಪಾಸ್‌ಪೋರ್ಟಿನ ಪರಿಶೀಲನೆಗೆಂದು ಮನೆಗೆ ಬಂದ ಪೊಲೀಸರೂ ಅತ್ತೆಯವರ ಮಾತು ಕೇಳಿ, ಸಹಿ ತೆಗೆದುಕೊಂಡು ಹೊರಡುವಾಗ ತಿರುಗಿ ನಿಂತು, "ನಮ್ಮ ಹೆಸರ್ಲೇನೂ ಒಂದ್ ಕೈ ಮುಗೀರಿ ಬಾಯಾರ" ಎಂದರು. ನಾನು ಎಲ್ಲರಿಗೂ ಹೂಂ ಅಂದೆ. ದೇವರ ಮನೆಯಲ್ಲಿ ಗಂಟುಗಳ ಸಾಲು ಬೆಳೆಯಿತು. ಮಣ್ಣಿನ ಚೀಲಕ್ಕೆ ಚೀಟಿ ಅಂಟಿಸುವ ರೂಢಿಯಿಂದ ಅವುಗಳಿಗೂ ಹೆಸರು ಮತ್ತು ಬೇಡಿಕೆ ಬರೆದು ಅಂಟಿಸಿದೆ.

ನನ್ನ ಪದ್ಧತಿ ಕೈಕೊಟ್ಟದ್ದು ಇಲ್ಲಿಯೇ. ಪಲ್ಯದ ವಿಷಯದಲ್ಲಿ, ವರದಿಯ ವಿಷಯದಲ್ಲಿ ತಪ್ಪು ತಿಳಿದವರು ನನಗೇನೂ ಕೊಟ್ಟಿರಲಿಲ್ಲ. ಈ ಹೆಂಗಸರು ಎದೆಯೊಳಗಿನದನ್ನು ತಂದು ಕೊಟ್ಟಿದ್ದರು. ಅದೂ ಒಂದು ಕಲ್ಲಿನ ಗುಡ್ಡಕ್ಕೆ ತಲುಪಿಸಲು, ಸುಳ್ಳು ಹೇಳದ ನನ್ನ ಮೇಲೆ ನಂಬಿಕೆ ಇಟ್ಟು. ಗಂಟುಗಳ ಮುಂದೆ ದೀಪ ಹಚ್ಚುವಾಗ ನಾಚಿಕೆಯಾಗುತ್ತಿತ್ತು. ರಜಿಯಾಗೆ ಹೇಳಿದೆ. ಅವಳು ರಿಜಿಸ್ಟರ್ ತೆಗೆದು ನೋಡಿ, "ಮನೆಯವರಿಗೆ ತಿಳಿಸುವುದು, ಇದರ ಮುಂದ ಷರಾ ಇನ್ನೂ ಖಾಲಿ ಐತ್ರಿ ಅಕ್ಕಾರ" ಎಂದಳು. ಅವಳು ಇಷ್ಟೇ ಹೇಳುವುದು. ಅತ್ತೆಯವರಿಗೆ ನಿಜ ಹೇಳಿದರೆ ಅವರು ಬೇಡ ಎನ್ನುತ್ತಾರೆ, ಬೇಡ ಎಂದರೆ ಅಪೀಲಿಲ್ಲ, ನನ್ನ ಜನ್ಮದಲ್ಲಿ ನಾನು ಒಬ್ಬಳೇ ಎಲ್ಲಿಗೂ ಹೋಗುವುದಿಲ್ಲ. ಹೇಳದೆ ಹೋದರೆ ಹದಿನಾಲ್ಕು ಉಡಿಗಳ ಭಾರ ಹೊತ್ತು ಗುಡ್ಡ ಹತ್ತಬೇಕು. ಮೂರು ದಿನ ಊಟ ಸರಿಯಾಗಿ ಸೇರಲಿಲ್ಲ. ನಾಲ್ಕನೆಯ ದಿನ ರಜೆ ಹಾಕಿ ಮನೆಯಲ್ಲೇ ಉಳಿದೆ.

ಯಜಮಾನರು ಸಾಲಿಗೆ ಹೋದ ಮೇಲೆ ಫೋನಿನಲ್ಲಿ ಒಂದು ವಿಡಿಯೊ ತೆಗೆದುಕೊಂಡು ಅತ್ತೆಯವರ ಮುಂದೆ ಕೂತೆ. ಕೆಂಪಗೆ ಕುದಿಯುವ ಬೆಂಕಿ ಗುಡ್ಡದ ಬಾಯಿಂದ ಉಕ್ಕಿ ಇಳಿಯುತ್ತಿತ್ತು. "ಅತ್ತಿ, ತಪ್ಪಾಗೇತ್ರಿ. ಜ್ವಾಲಾಮುಖಿ ಅಂದ್ರ ದೇವಿ ಅಲ್ರಿ. ಗುಡಿನೂ ಇಲ್ಲ, ಹರಕಿನೂ ಇಲ್ಲ. ಇದ ನೋಡ್ರಿ, ಗುಡ್ಡ. ಒಳಗ ಬೆಂಕಿ ಐತಿ. ನಾ ಸುಮ್ಮ ನೋಡಾಕ ಹೊಂಟೇನಿ. ಅಲ್ಲಿ ಮಂದಿ ಗುಡ್ಡಕ್ಕ ಹೂ ಅಕ್ಕಿ ಇಡ್ತಾರಂತ, ಅದೊಂದು ಖರೆ. ಉಳಿದದ್ದೆಲ್ಲ ನೀವು ತಿಳ್ಕೊಂಡದ್ದನ್ನ ನಾ ತಿದ್ದಲಿಲ್ಲ." ಇಷ್ಟನ್ನು ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿದೆ.

ಅತ್ತೆಯವರು ವಿಡಿಯೊ ಪೂರ್ತಿ ನೋಡಿದರು. ಮುಗಿದ ಮೇಲೆ ಫೋನು ಕೈಗೆ ಕೊಟ್ಟು, "ಟೀವ್ಯಾಗ ಇದಕ್ಕಿಂತ ದೊಡ್ಡದು ತೋರಿಸ್ಯಾರ" ಎಂದರು.

ನಾನು ತಲೆ ಎತ್ತಿದೆ.

"ಎಲ್ಲೇ ಗುಡ್ಡ ಸಿಡಿದ್ರೂ ದಿನಾಪೂರ್ತಿ ಜ್ವಾಲಾಮುಖಿ ಜ್ವಾಲಾಮುಖಿ ಅಂತ ಒದರ್ತಾರ. ಓದಾಕ ಬರಂಗಿಲ್ಲ ಅಂದ್ರ ಕಿವಿನೂ ಕೇಳಂಗಿಲ್ಲೇನು ನನಗ?"

"ಮತ್ತ ಅವತ್ತು ಯಾವ ಸೀಮ್ಯಾಗ ಬರ್ತಾಳ ಅಂತ ಕೇಳಿದ್ರಲ್ಲ?"

"ಅಂವ ಅಲ್ಲೇ ಪೇಪರ್ ಓದಾಕತ್ತಿದ್ದ. ಅಂವ ಕೇಳ್ಲಿ ಅಂತ ಕೇಳಿದೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಗುಡ್ಡ ನೋಡಾಕ ಹೊಂಟೇನಿ ಅಂದ್ರ ಯಾಕ ಹೊಂಟಿ, ಯಾರ ಜೋಡಿ ಹೊಂಟಿ, ಅಲ್ಲೇನೈತಿ ಅಂತ ನೂರಾ ಎಂಟು ಕೇಳ್ತಾರ. ದೇವಿಗೆ ಹೊಂಟಾಳ ಅಂದ್ರ ಬಾಯಿ ಮುಚ್ಚತಾರ. ಒಬ್ಬಾಕಿನೇ ಹೋಗೂದಂದ್ರ ಹಂಗೇ ಹೋಗಬೇಕವ್ವ. ನಾನೇನು ಮತ್ತ್ಯಾಂಗ ಹೋಗಿದ್ದೆ?"

ಅತ್ತೆಯವರು ಮೂವತ್ತು ವರ್ಷ, ಮೊಣಕಾಲು ಕೈಬಿಡುವವರೆಗೂ, ಪ್ರತಿ ಅಮಾವಾಸ್ಯೆಗೆ ಒಬ್ಬರೇ ಹೊಳೆದಂಡೆಯ ದೇವಿಗೆ ಹೋಗಿ ಬರುತ್ತಿದ್ದರು. ಮುಂಜಾನೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮಾವನವರು ಎಂಥ ಸಿಟ್ಟಿನ ಮನುಷ್ಯರಾದರೂ ಆ ಒಂದು ದಿನ ತಡೆಯುತ್ತಿರಲಿಲ್ಲ. ಬರುವಾಗ ತಪ್ಪದೆ ಕುಂಕುಮ ತರುತ್ತಿದ್ದರು. ನನ್ನ ನೌಕರಿಯ ಸಂದರ್ಶನದ ದಿನ ಆ ಕುಂಕುಮವನ್ನೇ ಹಚ್ಚಿ ಕಳಿಸಿದ್ದರು. ನೌಕರಿ ಆದದ್ದು ಅದರಿಂದಲೇ ಎಂದು ನಾನು, ಲ್ಯಾಬಿನಲ್ಲಿ ಕೆಲಸ ಮಾಡುವವಳು, ಒಳಗೊಳಗೇ ನಂಬಿದ್ದೆ.

"ಗುಡಿಗೆ ಹೋಗ್ತಿರಲಿಲ್ಲೇನ್ರಿ?" ಎಂದು ಕೇಳಿದೆ.

"ಹೋಗ್ತಿದ್ನಲ್ಲ, ಒಮ್ಮೊಮ್ಮೆ. ಒಮ್ಮೊಮ್ಮೆ ಬಸ್ ಎಲ್ಲಿಗೆ ಹೊಂಟಿರ್ತದೋ ಅಲ್ಲಿಗೆ."

"ಕುಂಕುಮ?"

"ಅಂಗಡ್ಯಾಗ ಸಿಗ್ತದವ್ವ."

ಮೂವತ್ತು ವರ್ಷದ ಅಮಾವಾಸ್ಯೆಗಳೆಂದರೆ ಮುನ್ನೂರರ ಮೇಲೆ. ಬೂಟಿಲ್ಲ, ರಿಜಿಸ್ಟರಿಲ್ಲ, ಹಿಂದೆ ಬೈಕಿಲ್ಲ. ಬೇರೆಯವರ ಒಂದು ಗಂಟೂ ಹೊತ್ತಿಲ್ಲ. ಈ ಮನೆಯಲ್ಲಿ ಒಬ್ಬಳೇ ಹೊರಡುತ್ತಿರುವ ಮೊದಲನೆಯವಳು ನಾನೆಂದು ಎರಡು ತಿಂಗಳಿಂದ ಎದೆ ಸೆಟೆಸಿಕೊಂಡು ತಿರುಗುತ್ತಿದ್ದೆ. ಶೇಂಗಾ ಒಡೆಯುತ್ತ ಕೂತ ಈ ಹೆಂಗಸು ನಾನು ಸೊಸೆಯಾಗಿ ಬರುವ ಮೊದಲೇ ಹೋಗಿ ಬಂದಿದ್ದಳು. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅವರ ಕೈ ಹಿಡಿದುಕೊಂಡೆ. ಹಾಗೆ ಹಿಡಿದುಕೊಂಡದ್ದು ಅದೇ ಮೊದಲು.

"ಎಲ್ಲೆಲ್ಲಿ ಹೋಗಿದ್ರಿ ಅತ್ತಿ? ಏನೇನ್ ನೋಡಿದ್ರಿ?"

ಅತ್ತೆಯವರು ಬಾಗಿಲ ಕಡೆ ನೋಡಿದರು. ಒಂದು ಗಳಿಗೆ ಅವರ ಮುಖದ ಮೇಲೆ ಯಾವುದೋ ಬಸ್ಸು, ಯಾವುದೋ ಊರು ಬಂದು ಹೋದಂತಾಯಿತು. ಆಮೇಲೆ ಕೈ ಬಿಡಿಸಿಕೊಂಡು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು. "ಅದನ್ನ ಹೇಳಬಾರದವ್ವ. ಒಬ್ಬಾಕಿನೇ ಹೋಗಿದ್ದನ್ನ ಇನ್ನೊಬ್ಬರ ಮುಂದ ಹೇಳಿದ್ರ ಇಬ್ರು ಹೋದಂಗಾಗ್ತದ. ಮತ್ತ ಯಾತಕ್ಕ ಹೋಗೂದು?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಉಡಿಯೊಳಗಿನ ಅಕ್ಕಿ ಒಂದೊಂದು ಚಿಟಿಕಿ ತಗೊಂಡ್ ಹೋಗು. ಅಲ್ಲಿ ಮಂದಿ ಇಟ್ಟಲ್ಲಿ ಇಟ್ಟು ಬಾ. ಉಳಿದದ್ದು ನಾ ಇಲ್ಲಿ ಗುಡಿಗೆ ಮುಟ್ಟಿಸ್ತೇನಿ" ಎಂದು ಹೇಳಿ ಶೇಂಗಾ ಒಡೆಯತೊಡಗಿದರು. ಆಮೇಲೆ ಈ ವಿಷಯ ಎತ್ತಲಿಲ್ಲ.

ಬರುವ ಸೋಮವಾರ ಹೊರಡುತ್ತೇನೆ. ಟಿಕೆಟ್ ಆಗಿದೆ, ಹದಿನಾಲ್ಕು ಚಿಟಿಕೆ ಅಕ್ಕಿಯನ್ನು ಹದಿನಾಲ್ಕು ಕಾಗದದಲ್ಲಿ ಕಟ್ಟಿಕೊಂಡಿದ್ದೇನೆ, ಓಣಿಯಲ್ಲಿ ಯಾರೂ ಏನೂ ಕೇಳುತ್ತಿಲ್ಲ. ಅತ್ತೆಯವರ ದಯೆಯಿಂದ ನಾನು ಒಬ್ಬಳೇ ಹೋಗುವುದಕ್ಕೆ ಈಗ ಯಾವ ಅಡ್ಡಿಯೂ ಉಳಿದಿಲ್ಲ. ಅವರು ಮೂವತ್ತು ವರ್ಷ ಹೋಗಿ ಬಂದು ಒಂದು ಊರಿನ ಹೆಸರನ್ನೂ ಬಾಯಿಬಿಟ್ಟಿಲ್ಲ. ನಾನು ಇನ್ನೂ ಮನೆಯ ಹೊಸ್ತಿಲು ದಾಟಿಲ್ಲ, ಆಗಲೇ ಕೂತು ಇಷ್ಟುದ್ದ ಬರೆದು ಎಲ್ಲವನ್ನೂ ನಿಮಗೆ ಹೇಳಿ ಮುಗಿಸಿದ್ದೇನೆ. ಅವರ ಲೆಕ್ಕದಲ್ಲಿ ಹೇಳುವುದಾದರೆ ನೀವೆಲ್ಲರೂ ಹೊರಟಂತಾಯಿತು. ಗಂಗವ್ವನವರು ಕೂಡ ಇಷ್ಟು ದೊಡ್ಡ ಗುಂಪು ಕಟ್ಟುತ್ತಿರಲಿಲ್ಲ.